ತೆಂಗಿನ ಗರಿಯ ಮೇಲೆ ಕಾಣದ ಬೆಳಕು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳ ಹಸಿರನ್ನು ಹೊಗಳಿದಷ್ಟು ನಾವು ಬೇರೇನನ್ನೂ ಹೊಗಳಿಲ್ಲ. ಗೋಡೆ ಕ್ಯಾಲೆಂಡರಿನಲ್ಲಿ ಅದೇ ಹಸಿರು, ಸೊಸೈಟಿಯ ವಾರ್ಷಿಕ ವರದಿಯ ಮುಖಪುಟದಲ್ಲಿ ಅದೇ, ಮದುವೆ ಆಲ್ಬಮ್ಮಿನ ಹಿನ್ನೆಲೆಯಲ್ಲೂ ಅದೇ. ಆ ಹಸಿರಿನ ಮೇಲೆ ನನ್ನದೊಂದು ತಕರಾರಿದೆ: ಅದು ಎಲ್ಲವನ್ನೂ ನುಂಗಿಬಿಡುತ್ತದೆ. ನಡುಮಧ್ಯಾಹ್ನ ತೋಟದೊಳಗೆ ನಿಂತು ತಲೆ ಎತ್ತಿದರೆ ಸುಳಿಯ ಎಳೆಗರಿ, ಬಲಿತ ಗರಿ, ಜೋತುಬಿದ್ದ ಹಳೇ ಗರಿ, ಅವುಗಳ ಬೆನ್ನು, ಹೊಟ್ಟೆ ಎಲ್ಲ ಕಲಸಿ ಒಂದೇ ಮುದ್ದೆ. ಫೋಟೊ ತೆಗೆಯಹೊರಟರೆ ಇನ್ನೂ ಪೇಚು. ಗರಿಸಂದಿಯ ಆಕಾಶ ಅಚ್ಚಬಿಳಿ, ಬುಡದ ನೆರಳು ಮಸಿಗಪ್ಪು. ನಡುವೆ ಇರಬೇಕಾದ್ದೆಲ್ಲ ನಾಪತ್ತೆ.

ಅದೇ ತೋಟವನ್ನು ಅವಗೆಂಪು ಬೆಳಕಿನಲ್ಲಿ, ಅಂದರೆ ಇನ್‌ಫ್ರಾರೆಡ್‌ನಲ್ಲಿ, ಬರೀ ಕಪ್ಪು-ಬಿಳುಪಾಗಿ ನೋಡಿ. ಆಕಾಶ ಕಪ್ಪಿಗೆ ಇಳಿದಿರುತ್ತದೆ, ಕೆರೆಯ ನೀರು ಅದಕ್ಕಿಂತ ಕಪ್ಪು. ಗರಿಗಳು ಮಾತ್ರ ಬೆಳ್ಳಗೆ ಎದ್ದು ನಿಂತಿರುತ್ತವೆ. ಅದೂ ಒಂದೇ ಬಿಳುಪಲ್ಲ. ಸುಳಿಯದೊಂದು, ಬಲಿತದ್ದೊಂದು, ಬೆನ್ನು ತಿರುಗಿಸಿ ನಿಂತ ಎಸಳಿನದೊಂದು. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ನೆರಳು. ತೋಟದ ಒಳಗೆ, ದಟ್ಟ ನೆರಳೆಂದು ನಾವು ಚಾಪೆ ಹಾಸುವ ಜಾಗದಲ್ಲಿ, ಅವಗೆಂಪು ಬೆಳಕು ಧಾರಾಳವಾಗಿ ಓಡಾಡುತ್ತಿರುತ್ತದೆ. ಎಲೆಯ ಪತ್ರಹರಿತ್ತು ನೀಲಿಯನ್ನೂ ಕೆಂಪನ್ನೂ ಉಣ್ಣುತ್ತದೆ. 700 ನ್ಯಾನೋಮೀಟರ್ ದಾಟಿದ ಬೆಳಕು ಅದಕ್ಕೆ ಬೇಡ. ಬೇಡವಾದ ಬೆಳಕು ಎಲೆಯೊಳಗಿನ ಜೀವಕೋಶ ಮತ್ತು ಗಾಳಿಸಂದುಗಳ ನಡುವೆ ಪುಟಿದು ಪುಟಿದು, ಹೆಚ್ಚುಕಡಿಮೆ ಅರ್ಧ ವಾಪಸು ಬರುತ್ತದೆ, ಉಳಿದದ್ದರಲ್ಲಿ ಬಹುಪಾಲು ಎಲೆಯನ್ನು ತೂರಿ ಕೆಳಗಿನ ಎಲೆಯ ಮೇಲೆ ಬೀಳುತ್ತದೆ. ಅಲ್ಲಿಯೂ ಅದೇ ಕಥೆ. ಹೀಗೆ ಗರಿಯಿಂದ ಗರಿಗೆ ಇಳಿಯುತ್ತ ಬಂದ ಬೆಳಕಿನಲ್ಲಿ ಬುಡದ ಹುಲ್ಲೂ, ಅಂತರ ಬೆಳೆಯ ಬಾಳೆ ಎಲೆಯೂ ಮಿನುಗುತ್ತವೆ. ಆಕಾಶ ಕಪ್ಪಾಗುವುದಕ್ಕೆ ಕಾರಣ ಬೇರೆ. ಗಾಳಿಯ ಅಣುಗಳು 450 ನ್ಯಾನೋಮೀಟರಿನ ನೀಲಿಯನ್ನು ಚದುರಿಸುವುದಕ್ಕೆ ಹೋಲಿಸಿದರೆ 850ರ ಅವಗೆಂಪನ್ನು ಚದುರಿಸುವುದು ಹನ್ನೆರಡನೇ ಒಂದು ಪಾಲಿಗಿಂತಲೂ ಕಡಿಮೆ. ಈ ಬಿಳಿ ಮರ, ಕಪ್ಪು ಆಕಾಶದ ಚಿತ್ರಗಳನ್ನು ಮೊದಲು ಪ್ರಕಟಿಸಿದವನು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್, 1910ರಲ್ಲಿ. ಅಂಥ ಬೆಳಕೊಂದಿದೆ ಎಂದು ವಿಲಿಯಂ ಹರ್ಷೆಲ್ ಥರ್ಮಾಮೀಟರ್ ಇಟ್ಟು ಪತ್ತೆ ಹಚ್ಚಿ ಆಗಲೇ 110 ವರ್ಷವಾಗಿತ್ತು.

ಅವಗೆಂಪು ಅಂದ ತಕ್ಷಣ ಶಾಖದ ಚಿತ್ರ ಎಂದುಕೊಳ್ಳುವವರೇ ಹೆಚ್ಚು. ಅದು ಬೇರೆ ಓಣಿ. ಜ್ವರ ನೋಡುವ, ಟ್ರಾನ್ಸ್‌ಫಾರ್ಮರ್ ಕಾದಿದೆಯೇ ಎಂದು ನೋಡುವ ಕ್ಯಾಮೆರಾಗಳು ಹಿಡಿಯುವುದು ಇದಕ್ಕಿಂತ ಹತ್ತು-ಹದಿನೈದು ಪಟ್ಟು ಉದ್ದದ ಅಲೆಗಳನ್ನು. ನಾನು ಹೇಳುತ್ತಿರುವುದು ಕಣ್ಣಿನ ಗಡಿಯ ಆಚೆ ಒಂದೇ ಹೆಜ್ಜೆ ದೂರದ ಬೆಳಕು. ಟಿವಿ ರಿಮೋಟಿನ ಮೂತಿಯಿಂದ ಬರುವಂಥದು.

ಅದು ನಮ್ಮ ಸೀಮೆಗೇನೂ ಹೊಸದಲ್ಲ. ಕೊಬ್ಬರಿ ಗೋದಾಮು, ಮಂಡಿಯಂಗಡಿ, ತೋಟದ ಮನೆಯ ಅಂಗಳ, ಎಲ್ಲೆಲ್ಲೂ ಈಗ ಸಿಸಿಟಿವಿ. ಕತ್ತಲಾಗುತ್ತಿದ್ದಂತೆ ಆ ಕ್ಯಾಮೆರಾದೊಳಗೆ ಟಿಕ್ ಎಂದು ಒಂದು ಗಾಜು ಸರಿಯುತ್ತದೆ, ಲೆನ್ಸಿನ ಸುತ್ತಲಿನ ಎಲ್‌ಇಡಿಗಳು ಮಂದಗೆಂಪಾಗಿ ಹೊತ್ತಿಕೊಳ್ಳುತ್ತವೆ, ಚಿತ್ರ ಬೂದುಬಣ್ಣಕ್ಕೆ ತಿರುಗುತ್ತದೆ. ಕಳ್ಳನಿಗಾಗಿ ಕಾಯುವ ಆ ಚಿತ್ರಗಳಲ್ಲಿ ಕಳ್ಳ ಬರುವುದು ಯಾವಾಗಲೋ ಒಮ್ಮೆ. ಉಳಿದ ರಾತ್ರಿಗಳಲ್ಲಿ ಲೆನ್ಸಿಗೆ ಅಡ್ಡವಾಗಿ ಜೇಡ ಬಲೆ ನೇಯುತ್ತದೆ, ಒಂದೊಂದು ಎಳೆಯೂ ಹಗ್ಗದ ದಪ್ಪಕ್ಕೆ ಬೆಳಗುತ್ತದೆ. ಮಳೆ ಬಂದರೆ ಹನಿಗಳು ಓರೆಯಾಗಿ ಎಳೆದ ಬಿಳಿ ಗೆರೆ. ದನದ ಕಣ್ಣು ಎರಡು ನಾಣ್ಯ. ಕರೀ ಕಂಬಳಿ ಹೊದ್ದ ಕಾವಲುಗಾರ ಎದ್ದು ಬಂದರೆ ಕಂಬಳಿ ಬೂದು, ಒಳಗಿನ ಕಪ್ಪು ಟೀ-ಶರ್ಟು ಬೆಳ್ಳಗೆ! ಎಷ್ಟೋ ಬಟ್ಟೆಬಣ್ಣಗಳು ಕಣ್ಣಿಗಷ್ಟೇ ಕಪ್ಪು. ಅವಗೆಂಪಿಗೆ ಅವು ಗಾಜು. ಸಿನಿಮಾದವರು ಈ ಬೂದನ್ನು ದೆವ್ವದ ದೃಶ್ಯಗಳಿಗೆ, ಪೊಲೀಸ್ ವರದಿಗೆ ಬಳಸಿ ಬಳಸಿ ಅದಕ್ಕೊಂದು ಕೆಟ್ಟ ಹೆಸರು ತಂದಿದ್ದಾರೆ. ಇನ್ನು ಕೆಲವರು ಕಂಪ್ಯೂಟರಿನಲ್ಲಿ ಗುಲಾಬಿ ಬಣ್ಣ ತುಂಬಿ, ಬೊಂಬಾಯಿ ಮಿಠಾಯಿ ಮಾರುವವರ ಗಾಡಿಯಿಂದ ಎತ್ತಿಕೊಂಡು ಬಂದಂಥ ತೆಂಗಿನ ಮರಗಳನ್ನು ಮೊಬೈಲಿಗೆ ಕಳಿಸುತ್ತಾರೆ. ಕಾಣದ ಬೆಳಕಿಗೆ ಬಣ್ಣವೇ ಇಲ್ಲದಿರುವಾಗ ಅದಕ್ಕೆ ಬಣ್ಣ ಬಳಿಯುವ ಅವಸರ ಯಾಕೋ ನನಗೆ ತಿಳಿಯದು. ಬೂದು ಅದರ ಸ್ವಂತ ಮೈ.

ಆದರೆ ಒಂದು ಸಲ ಆ ಸುಳ್ಳುಬಣ್ಣಕ್ಕೆ ನಿಜವಾದ ಕೆಲಸವಿತ್ತು, ಅದೂ ತೆಂಗಿನ ಮರದ ಮೇಲೆಯೇ. 1970ರಲ್ಲಿ ವಿಜ್ಞಾನಿ ಪಿ.ಆರ್. ಪಿಷಾರಟಿ ಮತ್ತು ಅವರ ಜೊತೆಗಾರರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುಳ್ಳುಬಣ್ಣದ ಅವಗೆಂಪು ಫಿಲ್ಮಿನಲ್ಲಿ ಚಿತ್ರ ತೆಗೆದರು. ಬೇರು ಸೊರಗು ರೋಗ ತಗುಲಿದ ಮರ ಮೇಲಿನಿಂದ ಬೇರೆಯಾಗಿ ಕಾಣುತ್ತದೆಯೇ ಎಂಬುದು ಪ್ರಶ್ನೆ. ಕಂಡಿತು. ರೋಗದಿಂದ ಎಲೆಯ ಒಳಕಟ್ಟು ಕೆಟ್ಟಾಗ ಅವಗೆಂಪಿನ ಪುಟಿತವೂ ಕೆಡುತ್ತದೆ. ಭಾರತದ ದೂರಸಂವೇದಿ ವಿಜ್ಞಾನದ ಮೊದಲ ಪಾಠವೆಂದು ಈಗಲೂ ಆ ಪ್ರಯೋಗವನ್ನೇ ಹೇಳುತ್ತಾರೆ. 1988ರ ಮಾರ್ಚಿನಲ್ಲಿ ಹಾರಿದ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾಗಳಲ್ಲೂ ಅವಗೆಂಪಿಗೆಂದೇ ಒಂದು ಪಟ್ಟಿ ಮೀಸಲಿತ್ತು. ಪಿಷಾರಟಿಯವರು ಯುವಕರಾಗಿದ್ದಾಗ ಬೆಂಗಳೂರಿನಲ್ಲಿ ಸಿ.ವಿ. ರಾಮನ್ನರ ಬಳಿ ಕೆಲಸ ಮಾಡಿದವರು. ನುಸಿ, ಕಪ್ಪು ತಲೆ ಹುಳು, ಅಣಬೆ ರೋಗ ಎಂದು ಒಂದಾದ ಮೇಲೊಂದು ಎಣಿಸುವ ನಮ್ಮ ತೋಟಗಾರರಿಗೆ, ನಮ್ಮ ದೇಶದ ಉಪಗ್ರಹದ ಕಣ್ಣು ಪಳಗಿದ್ದು ಒಂದು ಸೊರಗಿದ ತೆಂಗಿನ ಮರದ ಮೇಲೆ ಎಂಬ ಸಂಗತಿ ಗೊತ್ತಿರಬೇಕಾದದ್ದು.

ಇಷ್ಟೂ ಸೂರ್ಯನೋ ಸಿಸಿಟಿವಿಯೋ ಕೊಟ್ಟ ಬೆಳಕಿನ ಮಾತು. ಬೆಳಕು ಬಂದದ್ದು ಬಂದ ಹಾಗೆ ಬೀಳುತ್ತದೆ, ಎಲೆ ಅದನ್ನು ತನ್ನ ಪಾಡಿಗೆ ಹಂಚುತ್ತದೆ. ಬೀಳುವ ಬೆಳಕಿನಲ್ಲಿಯೇ ಚಿತ್ರವಿದ್ದರೆ? ಕಣ್ಣಿಗೆ ಕಾಣದ ಬೂದುಚಿತ್ರವೊಂದನ್ನು ಬಿಟ್ಟು, ಅದು ಬಿದ್ದ ಜಾಗದಿಂದ ಮತ್ತೆ ಹಿಡಿದುಕೊಂಡರೆ? ನಮ್ಮಲ್ಲಿ ಟಿವಿ, ಯುಪಿಎಸ್, ಪ್ರೊಜೆಕ್ಟರ್ ರಿಪೇರಿ ಮಾಡುವ ಗೆಳೆಯನೊಬ್ಬನಿದ್ದಾನೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಅವನು ಹಳೆಯ ಡಿಎಲ್‌ಪಿ ಪ್ರೊಜೆಕ್ಟರ್ ಒಂದನ್ನು ಬಿಡಿಭಾಗದ ಬೆಲೆಗೆ ತಂದಿದ್ದ. ದೀಪ ಹೋಗಿತ್ತು, ಉಳಿದದ್ದೆಲ್ಲ ಗಟ್ಟಿ. "ಅಣ್ಣ, ಇದ್ರ ಹೊಟ್ಟೇಲಿ ಇರೋದು ಬರೀ ಕನ್ನಡಿ. ಕನ್ನಡಿಗೆ ಯಾವ್ ಬೆಳಕಾದ್ರೇನು?" ಎಂದ. ಈ ಲೇಖನದ ಮೂಲ ಆ ಮಾತು.

ಅವನ ಮಾತು ಮುಕ್ಕಾಲು ಪಾಲು ನಿಜ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ರೂಪಿಸಿದ ಚಿಪ್ ಅಂಥ ಪ್ರೊಜೆಕ್ಟರಿನ ಹೊಟ್ಟೆಯಲ್ಲಿರುವುದು. ಉಗುರಿನಷ್ಟಗಲದ ಸಿಲಿಕಾನ್ ಬಿಲ್ಲೆ, ಅದರ ಮೇಲೆ ಅಲ್ಯೂಮಿನಿಯಂ ಕನ್ನಡಿಗಳ ಸಾಲು. 800ಕ್ಕೆ 600 ಚುಕ್ಕೆಯ ಪ್ರೊಜೆಕ್ಟರಿನಲ್ಲಿ 4,80,000 ಕನ್ನಡಿ. ಒಂದೊಂದೂ ತಲೆಗೂದಲಿನ ಅಗಲದಲ್ಲಿ ನಾಲ್ಕೈದು ಕೂರುವಷ್ಟು ಸಣ್ಣದು. ಒಂದೊಂದಕ್ಕೂ ತನ್ನದೇ ಕೀಲು. ಕೀಲಿನ ಮೇಲೆ ಕನ್ನಡಿ ಹನ್ನೆರಡು ಡಿಗ್ರಿ ಈಚೆಗೆ ವಾಲಿದರೆ ಬೆಳಕು ಲೆನ್ಸಿನಿಂದ ಹೊರಗೆ ಹೋಗುತ್ತದೆ, ಆಚೆಗೆ ವಾಲಿದರೆ ಒಳಗಿನ ಕಪ್ಪು ತಗಡಿಗೆ ಬಡಿದು ಸಾಯುತ್ತದೆ. ಮೂರನೆಯ ಸ್ಥಿತಿ ಅದಕ್ಕೆ ಗೊತ್ತಿಲ್ಲ. ಅರ್ಧ ವಾಲುವುದು, ಮುಕ್ಕಾಲು ವಾಲುವುದು ಇಲ್ಲ.

ಹಾಗಾದರೆ ಬೂದು ಎಲ್ಲಿಂದ ಬಂತು? ಇಲ್ಲಿದೆ ಈ ಯಂತ್ರದ ಸೊಗಸು. ನಮ್ಮ ಕೆರೆಗಳ ಹಳೇ ತೂಬಿನ ಹಾಗೆ: ಬೆಣೆ ಎತ್ತಿದರೆ ಪೂರ್ತಿ ನೀರು, ಇಳಿಸಿದರೆ ಪೂರ್ತಿ ಬಂದ್, ಗದ್ದೆಗೆ ಎಷ್ಟು ನೀರಾಯಿತು ಎಂಬುದನ್ನು ತೀರ್ಮಾನಿಸುವುದು ತೂಬು ಎಷ್ಟು ಹೊತ್ತು ತೆರೆದಿತ್ತು ಎಂಬುದೊಂದೇ. ಕನ್ನಡಿಯ ಬೂದೂ ಹೊತ್ತಿನ ಲೆಕ್ಕ. ಬಣ್ಣದ ಉಸಾಬರಿ ಬಿಟ್ಟು ಸರಳವಾಗಿ ಹೇಳುವುದಾದರೆ, ಸೆಕೆಂಡಿನ ಅರವತ್ತನೇ ಒಂದು ಭಾಗವನ್ನು ಎಂಟು ತುಂಡು ಮಾಡುತ್ತಾರೆ. ಮೊದಲನೆಯದು ಒಂದು ಪಾಲು, ಮುಂದಿನದು ಎರಡು, ನಾಲ್ಕು, ಎಂಟು ಎಂದು ದುಪ್ಪಟ್ಟಾಗುತ್ತ ಕೊನೆಯದು 128 ಪಾಲು. ಒಟ್ಟು 255. ಅತಿ ಸಣ್ಣ ತುಂಡಿನ ಕಾಲಾವಧಿ ಸುಮಾರು 65 ಮೈಕ್ರೊಸೆಕೆಂಡ್. ಯಾವ ತುಂಡಿನಲ್ಲಿ ಕನ್ನಡಿ ಈಚೆ, ಯಾವುದರಲ್ಲಿ ಆಚೆ ಎಂಬ ಎಂಟು ಹೌದು-ಅಲ್ಲಗಳಲ್ಲಿ 256 ಬೂದು ಹುಟ್ಟುತ್ತವೆ. ಗೋಡೆಯ ಮೇಲೆ ಮೋಡದ ಅಂಚಿನ ನುಣುಪು ಬೂದು ಕಂಡು ನಾವು ಆಹಾ ಎನ್ನುವಾಗ, ಅಲ್ಲಿ ನಿಜವಾಗಿ ಇರುವುದು ಬಿಳಿ ಮತ್ತು ಕಪ್ಪು ಮಾತ್ರ. ಬೂದು ಗೋಡೆಯಲ್ಲಿಲ್ಲ, ಕಾಲದಲ್ಲಿದೆ. ಫೋಟೊ ಕಾಗದದ ಬೂದಿಗೆ ಬೆಳ್ಳಿಯ ಕಣವಿದೆ, ಇದ್ದಿಲಿನ ಚಿತ್ರದ ಬೂದಿಗೆ ಇದ್ದಿಲಿನ ಪುಡಿಯಿದೆ. ಈ ಬೂದಿಗೆ ದ್ರವ್ಯವೇ ಇಲ್ಲ.

ಗೆಳೆಯನ ಮಾತಿನಲ್ಲಿ ಉಳಿದ ಕಾಲು ಪಾಲೂ ರುಚಿಕಟ್ಟಾದದ್ದೇ. ಅಲ್ಯೂಮಿನಿಯಂ ಎಲ್ಲ ಬೆಳಕನ್ನೂ ಸಮನಾಗಿ ತಿರುಗಿಸುವ ಧರ್ಮಿಷ್ಠ ಲೋಹವೆಂದು ಹೆಸರು. ಆದರೆ ಸರಿಯಾಗಿ 800-850 ನ್ಯಾನೋಮೀಟರಿನ ಆಸುಪಾಸಿನಲ್ಲಿ ಅದು ಕೊಂಚ ಮಂಕಾಗುತ್ತದೆ, ಆಮೇಲೆ ಮತ್ತೆ ಚೇತರಿಸಿಕೊಳ್ಳುತ್ತದೆ. ಚಿಪ್ಪಿನ ಮೇಲಿನ ಗಾಜಿನ ಲೇಪವೂ ಕಾಣುವ ಬೆಳಕಿಗೆಂದು ಮಾಡಿದ್ದು. ಅವಗೆಂಪಿಗೆಂದೇ ಬೇರೆ ಗಾಜಿನ ಚಿಪ್ಪನ್ನು ಅದೇ ಕಂಪನಿ ಮಾರುತ್ತದೆ; ಕಾಳುಕಡಿ, ಕೊಬ್ಬರಿಗಳ ತೇವ, ಎಣ್ಣೆಯಂಶ ಅಳೆಯುವಂಥ ಉಪಕರಣಗಳಿಗೆ ಅದು ಬೇಕು. ನೀರು 970ರ ಸುತ್ತ ಅವಗೆಂಪನ್ನು ಹೀರುತ್ತದೆ, ಎಣ್ಣೆ 930ರ ಸುತ್ತ. ನಮಗೆ ಅಷ್ಟೆಲ್ಲ ಬೇಕಿರಲಿಲ್ಲ. ಸತ್ತ ದೀಪದ ಜಾಗದಲ್ಲಿ 850ರ ಎಲ್‌ಇಡಿ, ಅದರ ಬೆನ್ನಿಗೆ ಅಲ್ಯೂಮಿನಿಯಂ ಹೀಟ್‌ಸಿಂಕು. ದೀಪದ ಶಾಖ ತಡೆಯಲೆಂದು ಒಳಗೆ ಕೂರಿಸಿದ್ದ ಗಾಜು ತಡೆಯುವುದು ನಮಗೆ ಬೇಕಾದ ಬೆಳಕನ್ನೇ, ಹಾಗಾಗಿ ಅದು ಆಚೆಗೆ. ಬಣ್ಣದ ಚಕ್ರದ ಗಾಜನ್ನು ಬೆಳಕಿನ ದಾರಿಯಿಂದ ಸರಿಸಿ, ಮೋಟರನ್ನು ಮಾತ್ರ ತಿರುಗಲು ಬಿಟ್ಟ. ಚಕ್ರ ತಿರುಗುತ್ತಿಲ್ಲವೆಂದು ಗೊತ್ತಾದರೆ ಪ್ರೊಜೆಕ್ಟರ್ ಹಠ ಹಿಡಿದು ಆಫ್ ಆಗುತ್ತದೆ. ಏನೂ ಬಣ್ಣ ಹಚ್ಚದೆ ಸುಮ್ಮನೆ ತಿರುಗುವ ಆ ಚಕ್ರ ನೋಡಿ ನಗು ಬಂದದ್ದುಂಟು. ಒಂದು ಎಚ್ಚರ ಮಾತ್ರ ಇಲ್ಲೇ ಹೇಳಬೇಕು: ಲೆನ್ಸಿನೊಳಗೆ ಇಣುಕಬಾರದು. ಬೆಳಕು ಕಾಣದು, ಆದ್ದರಿಂದ ಕಣ್ಣಿನ ಪಾಪೆ ಕುಗ್ಗದು, ಒಳಗೆ ಬೀಳುವುದು ಮಾತ್ರ ಪೂರ್ತಿ ಬೀಳುತ್ತದೆ.

ಹಿಡಿಯುವ ಕಡೆಯ ಕೆಲಸ ಇನ್ನೂ ಅಗ್ಗದ್ದು. ವೆಬ್‌ಕ್ಯಾಮಿನ ಸಿಲಿಕಾನ್ ಸೆನ್ಸರಿಗೆ ಅವಗೆಂಪು ಹುಟ್ಟಿನಿಂದಲೇ ಕಾಣುತ್ತದೆ. ನಮ್ಮ ಕಣ್ಣಿಗೆ ಹೊಂದಲೆಂದು ತಯಾರಕರು ಅದರ ಮುಂದೆ ತಿಳಿಹಸಿರು ಗಾಜೊಂದನ್ನು ಕಟ್ಟಿರುತ್ತಾರೆ. ಅದನ್ನು ತೆಗೆದು, ಕಾಣುವ ಬೆಳಕನ್ನು ತಡೆಯುವ ಇನ್ನೊಂದನ್ನು ಹಾಕಬೇಕು. ಅದಕ್ಕೆ ದುಬಾರಿ ಫಿಲ್ಟರ್ ಬೇಡ. ಹಳೆಯ ಕಲರ್ ನೆಗೆಟಿವ್ ರೋಲಿನ ಮೊದಲ ತುದಿ, ರೋಲು ಹಾಕುವಾಗ ಬೆಳಕಿಗೆ ಬಿದ್ದು, ತೊಳೆದ ಮೇಲೆ ಪೂರಾ ಕಪ್ಪಾದ ತುಂಡು, ಅವಗೆಂಪನ್ನು ಸರಾಗವಾಗಿ ಬಿಟ್ಟುಕೊಡುತ್ತದೆ. ಮದುವೆಯ ಕವರುಗಳಲ್ಲಿ ನೆಗೆಟಿವ್ ಇಟ್ಟುಕೊಂಡ ಮನೆಗಳಲ್ಲಿ ಅಂಥ ಕಪ್ಪು ತುದಿಗಳು ಬೇಕಾದಷ್ಟು ಸಿಗುತ್ತವೆ. ಮುಹೂರ್ತಕ್ಕೆ ಮುಂಚಿನ, ಯಾರ ಮುಖವೂ ಇಲ್ಲದ ಆ ತುಂಡು ಕೊನೆಗೂ ಒಂದು ಉಪಯೋಗಕ್ಕೆ ಬಂತು.

ಫೋಕಸ್ ಮಾಡುವುದು ಕಣ್ಣಿನಿಂದಾಗದ ಕೆಲಸ. ಅವಗೆಂಪು ಲೆನ್ಸಿನಲ್ಲಿ ಬಾಗುವ ಬಗೆ ಬೇರೆ, ನಿಲ್ಲುವ ಜಾಗವೂ ಬೇರೆ. ಹಳೇ ಕ್ಯಾಮೆರಾ ಲೆನ್ಸುಗಳ ಮೇಲೆ ಇದಕ್ಕೆಂದೇ ಒಂದು ಕೆಂಪು ಗುರುತು ಕೆತ್ತಿರುತ್ತಿದ್ದರು. ಪ್ರೊಜೆಕ್ಟರಿಗೆ ಯಾರು ಕೆತ್ತುತ್ತಾರೆ? ಕತ್ತಲಲ್ಲಿ ಲೆನ್ಸಿನ ಬಳೆ ತಿರುಗಿಸುತ್ತ ಲ್ಯಾಪ್‌ಟಾಪಿನಲ್ಲಿ ನೋಡುವುದೊಂದೇ ದಾರಿ. ಷಟರ್ ವೇಗವಂತೂ ಲೆಕ್ಕದ ಪ್ರಕಾರವೇ ನಡೆಯಬೇಕು. ಸೆಕೆಂಡಿನ ಅರವತ್ತನೇ ಒಂದೋ, ಮೂವತ್ತನೇ ಒಂದೋ, ಪೂರ್ತಿ ಸುತ್ತು ಮುಗಿಯುವಷ್ಟು ಹೊತ್ತು ಕ್ಯಾಮೆರಾ ಕಣ್ಣು ತೆರೆದಿರಬೇಕು. ಅವಸರಪಟ್ಟು ಐನೂರನೇ ಒಂದಕ್ಕೆ ಇಟ್ಟರೆ ಎಂಟು ತುಂಡಿನಲ್ಲಿ ಕೆಲವು ಮಾತ್ರ ಸಿಕ್ಕಿ, ಚಿತ್ರದ ತುಂಬ ಅಡ್ಡಪಟ್ಟಿ ಬೀಳುತ್ತದೆ, ಮುಖದ ಬೂದೆಲ್ಲ ಕಪ್ಪು ಕಲೆ ಬಿಳಿ ಕಲೆಯಾಗಿ ಒಡೆಯುತ್ತದೆ. ಇನ್ನೊಂದು ಸೂಕ್ಷ್ಮ: ಪ್ರೊಜೆಕ್ಟರು ನಡುಬೂದು ಎಂದು ಬಿಡುವುದು ಪೂರ್ತಿ ಬೆಳಕಿನ ಅರ್ಧವಲ್ಲ, ಹೆಚ್ಚುಕಡಿಮೆ ನೂರಕ್ಕೆ 22 ಭಾಗ. ನಮ್ಮ ಕಣ್ಣಿಗೆ ಅದೇ ನಡುವೆನಿಸುತ್ತದೆ. ಲೆಕ್ಕಕ್ಕೆ ಸರಿಯಾಗಿ ಎಣಿಸುವ ಸೆನ್ಸರಿಗೆ ಅದು ಕತ್ತಲು. ಎರಡನ್ನೂ ರಾಜಿ ಮಾಡಿಸಿದ ಮೇಲೆಯೇ ಕೆರೆಯ ಸಂಜೆಯ ಚಿತ್ರವೊಂದು ಸಂಜೆಯಾಗಿ ಕಾಣುವುದು.

ಈ ಬೆಳಕನ್ನು ಬಿಟ್ಟು ಹಿಡಿಯುವ ಯಂತ್ರಗಳೀಗ ಎಲ್ಲರ ಜೇಬಿನಲ್ಲಿವೆ ಎನ್ನಬಹುದು. 2010ರ ಕೈನೆಕ್ಟ್ ಆಟದ ಪೆಟ್ಟಿಗೆ ಕೋಣೆಯ ತುಂಬ ಅವಗೆಂಪು ಚುಕ್ಕೆ ಎರಚಿ ಮಕ್ಕಳ ಕೈಕಾಲು ಗುರುತಿಸುತ್ತಿತ್ತು. 2017ರ ಐಫೋನ್ ಹತ್ತು, ಮುಖದ ಮೇಲೆ 30,000ಕ್ಕೂ ಹೆಚ್ಚು ಚುಕ್ಕೆ ಬಿಟ್ಟು ಯಜಮಾನನೋ ಅಲ್ಲವೋ ನೋಡುತ್ತದೆ. ಆಸ್ಪತ್ರೆಯ ನರ ಹುಡುಕುವ ಯಂತ್ರ ಅವಗೆಂಪಿನಲ್ಲಿ ಕೈಯ ರಕ್ತನಾಳ ಹಿಡಿದು, ಅದರ ಚಿತ್ರವನ್ನು ಅದೇ ಕೈಯ ಮೇಲೆ ಹಸಿರಾಗಿ ಮೂಡಿಸುತ್ತದೆ. ಬಹಳ ಉಪಯುಕ್ತ, ಒಪ್ಪಿದೆ. ಆದರೆ ಚುಕ್ಕೆಗಳಲ್ಲಿ ರಸವಿಲ್ಲ. ಚುಕ್ಕೆ ಇದೆ ಅಥವಾ ಇಲ್ಲ, ಮುಗಿಯಿತು. ಬೂದಿನ ಮೆಟ್ಟಿಲು ಬಿಟ್ಟು, ಬಿದ್ದ ಜಾಗ ಆ ಮೆಟ್ಟಿಲುಗಳಿಗೆ ಏನು ಮಾಡಿತು ಎಂದು ನೋಡುವುದರಲ್ಲಿ ಇರುವ ಸುಖವೇ ಬೇರೆ.

ಸುಣ್ಣ ಬಳಿದ ಗೋಡೆ ಏನೂ ಮಾಡುವುದಿಲ್ಲ. ಕೊಟ್ಟದ್ದನ್ನು ಹಾಗೇ ಹಿಂದಿರುಗಿಸುತ್ತದೆ. ಬೇಸರ ಬರುವಷ್ಟು ಪ್ರಾಮಾಣಿಕ. ಕೆಮ್ಮಣ್ಣಿನ ಗೋಡೆ ಹಾಗಲ್ಲ. ಚಿಕ್ಕನಾಯಕನಹಳ್ಳಿ ಬೆಟ್ಟಸಾಲಿನ ಕಬ್ಬಿಣದ ಅದಿರಿನ ಕೆಂಪು 850-870ರ ಸುತ್ತಲಿನ ಬೆಳಕನ್ನು ಸ್ವಲ್ಪ ಹೀರಿಕೊಳ್ಳುತ್ತದೆ, ನಮ್ಮ ಎಲ್‌ಇಡಿಯ ಬೆಳಕು ಸರಿಯಾಗಿ ಅಲ್ಲಿಯೇ ಬೀಳುತ್ತದೆ. ಹೀಗಾಗಿ ಬೂದಿನ ಮೆಟ್ಟಿಲುಗಳೆಲ್ಲ ಒಂದು ಮೆಟ್ಟಿಲು ಕೆಳಗಿಳಿದು, ಒರಟು ಮಣ್ಣಿನ ಕಣಕಣಗಳಲ್ಲಿ ಗದ್ಗದವಾಗುತ್ತವೆ.

ಉಂಡೆ ಕೊಬ್ಬರಿಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ತಿಪಟೂರಿನ ಹೆಸರು ದೇಶಕ್ಕೆ ಗೊತ್ತಿರುವುದೇ ಅದರಿಂದ. ಬಲಿತ ಕಾಯಿಯನ್ನು ಮಟ್ಟೆಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುವ ಹೊತ್ತಿಗೆ ಸುಲಿದು, ಚಿಪ್ಪು ಒಡೆದು, ಇಡೀ ಗಿಟುಕನ್ನು ಗಾಯವಾಗದಂತೆ ಹೊರತೆಗೆಯುತ್ತಾರೆ. ಹೊರಗಿನ ಕಂದು ಸಿಪ್ಪೆ ಕಣ್ಣಿಗೆ ಎಷ್ಟು ಗಾಢವೋ ಅವಗೆಂಪಿನಲ್ಲಿ ಅಷ್ಟೇ ತೆಳು; ಗಿಟುಕು ಬೆಳ್ಳಗಾಗಿಬಿಡುತ್ತದೆ, ಸಿಪ್ಪೆಯ ನರಗೆರೆಗಳು ಮಾತ್ರ ಮಂಕಾಗಿ ಉಳಿಯುತ್ತವೆ. ಅದನ್ನು ಎರಡು ಹೋಳು ಮಾಡಿ, ಬಿಳಿ ತಿರುಳಿನ ಮೇಲೆ ಚೂಪಾದ ಕಪ್ಪು-ಬಿಳಿ ಗೆರೆಗಳನ್ನು ಬಿಡಿ. ಸುಣ್ಣದ ಗೋಡೆಯ ಮೇಲೆ ಬ್ಲೇಡಿನಿಂದ ಕೊಯ್ದಷ್ಟು ಕರಾರುವಾಕ್ಕಾಗಿದ್ದ ಗೆರೆಯ ಅಂಚು ಇಲ್ಲಿ ಕರಗುತ್ತದೆ. ಬಿಳಿ ಗೆರೆಯ ಬೆಳಕು ತಿರುಳಿನೊಳಗೆ ಇಂಗಿ, ಎಣ್ಣೆಯ ಕಣಗಳ ನಡುವೆ ಅಲೆದು, ಪಕ್ಕದ ಕಪ್ಪು ಗೆರೆಯಲ್ಲಿ ತಲೆ ಎತ್ತುತ್ತದೆ. ಕಪ್ಪಿಗೆ ಬೂದು ಬೆರೆಯುತ್ತದೆ. ಗೆರೆ ಸಣ್ಣದಾದಷ್ಟೂ ಕಪ್ಪೇ ಇಲ್ಲವಾಗುತ್ತದೆ. ಬೆಳಕಿನ ಗೆರೆ ಬಿಟ್ಟು ವಸ್ತುವಿನ ಆಕಾರ ಅಳೆಯುವ ಎಂಜಿನಿಯರುಗಳಿಗೆ ಇದು ತಲೆನೋವು, ಅಂಥ ವಸ್ತುಗಳಿಗೆ ಪುಡಿ ಹಚ್ಚಿ ಅಳೆಯುವುದುಂಟು. ನನಗೆ ಅದು ಕೊಬ್ಬರಿಯ ನಿಜವಾದ ಬಿಳುಪು. ಸುಣ್ಣದ ಬಿಳುಪು ಮೇಲ್ಮೈಯದು, ಕೊಬ್ಬರಿಯದು ಆಳದ್ದು ಎಂದು ಬಾಯಲ್ಲಿ ಹೇಳಿದರೆ ಕವಿತ್ವವೆನಿಸೀತು. ಇಲ್ಲಿ ಅದನ್ನು ಮಿಲಿಮೀಟರಿನಲ್ಲಿ ಅಳೆಯಬಹುದು.

ಕನ್ನಡ ನಾಡಿನಲ್ಲಿ ಅವಗೆಂಪಿನ ಬೂದು ಮಾಡಿದ ದೊಡ್ಡ ಕೆಲಸ ಮಾತ್ರ ಇನ್ನೊಂದು ಗರಿಯ ಮೇಲೆ ನಡೆದದ್ದು. ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ತಾಳೆಗರಿ ಪ್ರತಿ ಸುಮಾರು 700 ವರ್ಷ ಹಳೆಯದು. ಗರಿಗಳು ಕಂದಿ, ಅಕ್ಷರ ಯಾವುದು ಕಲೆ ಯಾವುದು ತಿಳಿಯದ ಸ್ಥಿತಿ. ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪ್ರಾಧ್ಯಾಪಕ ಪಿ.ಆರ್. ಮುಕುಂದ್, ಆರ್ಕಿಮಿಡೀಸನ ಹಸ್ತಪ್ರತಿಯ ಮೇಲೆ ಕೆಲಸ ಮಾಡಿದ ರೋಜರ್ ಈಸ್ಟನ್ ಜೊತೆಗೂಡಿ, 2006ರ ಸುಮಾರಿಗೆ ಅದನ್ನು ಅವಗೆಂಪು ಫಿಲ್ಟರಿನಲ್ಲಿ ಚಿತ್ರೀಕರಿಸಿದರು. ಕಂದು ಬಣ್ಣ ಅವಗೆಂಪಿಗೆ ಲೆಕ್ಕಕ್ಕಿಲ್ಲ, ಮಸಿಯ ಇಂಗಾಲ ಮಾತ್ರ ಯಾವ ಬೆಳಕಿಗೂ ಕಪ್ಪೇ. ಗರಿ ತಿಳಿಯಾಗಿ ಹಿಂದೆ ಸರಿದಾಗ ಅಕ್ಷರ ಮುಂದೆ ಬಂತು. ಆ ಚಿತ್ರಗಳನ್ನು ಬಹುಕಾಲ ಉಳಿಯಲೆಂದು ಸಿಲಿಕಾನ್ ಬಿಲ್ಲೆಗಳ ಮೇಲೆ ಕೆತ್ತುವ ಕೆಲಸವನ್ನೂ ಅವರು ಕೈಗೆತ್ತಿಕೊಂಡರು. ಹಿಡಿದ ಸೆನ್ಸರೂ ಸಿಲಿಕಾನು, ಬರೆದಿಟ್ಟದ್ದೂ ಸಿಲಿಕಾನಿನ ಮೇಲೆ. ನಮ್ಮ ಪ್ರೊಜೆಕ್ಟರಿನ ಕನ್ನಡಿಗಳು ಕೂತಿರುವುದೂ ಅದರ ಮೇಲೆಯೇ. ಮರಳಿನಿಂದ ಬರುವ ಆ ವಸ್ತುವಿಗೆ ಗರಿಗಳ ಮೇಲೆ ಏನೋ ಒಂದು ಮೋಹ.

ಅಲ್ಲಿಂದಲೇ ನಮಗೂ ಆಸೆ ಹುಟ್ಟಿತು. ಗೋಡೆ ಬೇಡ, ಪರದೆ ಬೇಡ, ಮರದಲ್ಲಿರುವ ಹಸಿಗರಿಯ ಮೇಲೆಯೇ ಚಿತ್ರ ಬಿಟ್ಟರೆ ಹೇಗೆ? ಕಾಣುವ ಬೆಳಕಿನಲ್ಲಿ ಇದು ಕೈಲಾಗದ ಮಾತು. ಹಸಿರೆಲೆ ಕೆಂಪು ನುಂಗುತ್ತದೆ, ನೀಲಿ ನುಂಗುತ್ತದೆ, ಉಳಿದದ್ದು ಪಾಚಿ ಹಿಡಿದ ಚಿತ್ರ. ಅವಗೆಂಪಿಗೆ ಆ ಗರಿ ಬಿಳಿ ಪರದೆಗೆ ಹತ್ತಿರ. ತುರುವೇಕೆರೆ ರಸ್ತೆಯ ಕಡೆಗಿರುವ ಪರಿಚಯದವರ ತೋಟ, ಅಮಾವಾಸ್ಯೆಯ ಆಸುಪಾಸು, ಕೈಗೆಟಕುವಷ್ಟು ಕೆಳಗೆ ಗರಿ ಬಿಟ್ಟ ಎಳೇ ಮರ. ಬಿಟ್ಟ ಚಿತ್ರ ತುರುವೇಕೆರೆಯ ಗಂಗಾಧರೇಶ್ವರ ಗುಡಿಯ ನಂದಿ. ಕರಿಕಲ್ಲಿನ ಆ ನಂದಿಯ ಮೈಗೆ ಕೊಟ್ಟ ನಯ ಇವತ್ತಿಗೂ ಮಾಸಿಲ್ಲ. ಕಪ್ಪು ಮೈ, ಬೆನ್ನಿನ ಇಳುಕಲಿನಲ್ಲಿ ಜಾರುವ ಹೊಳಪು, ಕೊರಳ ಗಂಟೆಸರದ ಪುಟ್ಟ ಪುಟ್ಟ ಬಿಳಿಚುಕ್ಕೆ. ಬೂದಿನ ಎಲ್ಲ ಮೆಟ್ಟಿಲನ್ನೂ ಕೇಳುವ ವಿಗ್ರಹ.

ಪ್ರೊಜೆಕ್ಟರಿನ ಫ್ಯಾನಿನ ಸದ್ದು ಬಿಟ್ಟರೆ ಅಲ್ಲಿ ಏನೂ ನಡೆಯುತ್ತಿರಲಿಲ್ಲ. ತೋಟದ ಮನೆಯ ಅಜ್ಜಿ ಟಾರ್ಚ್ ಹಿಡಿದು ಬಂದು ನಿಂತರು. "ಏನ್ ಮಗ, ಕರೆಂಟು ಹಾಕ್ಕಂಡು ಕತ್ಲೇಲಿ ಕುಂತಿದ್ದೀರಲ್ಲಾ?"

"ಚಿತ್ರ ಬಿಟ್ಟಿದ್ದೀವಿ ಅಜ್ಜಿ. ಟಾರ್ಚ್ ಆರ್ಸಿ."

"ಎಲ್ಲೈತೆ? ನಂಗೇನೂ ಕಾಣಾಕಿಲ್ವಲ್ಲಪ್ಪ. ಕಣ್ಣಿಗೆ ಪೊರೆ ಬಂದೈತೆ ಅಂತ ಡಾಕ್ಟ್ರು ಅಂದಿದ್ರು, ಪೂರಾ ಹೋಯ್ತಾ ಏನು ಕತೆ?"

ಗೆಳೆಯ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದ. ಅಜ್ಜಿ ಪರದೆ ನೋಡಿದರು, ಮರ ನೋಡಿದರು, ಮತ್ತೆ ಪರದೆ ನೋಡಿದರು. "ಅಯ್ ಶಿವನೇ, ಬಸವಣ್ಣ ಗರಿ ಮ್ಯಾಲೆ ಕುಂತವ್ನೆ! ಅಲ್ಲ ಕಣ್ರಪ್ಪ, ಮರಕ್ಕೇನೂ ಆಗಾಕಿಲ್ವಾ? ಹೊಂಬಾಳೆ ಒಡೀತಾ ಐತೆ." ಏನೂ ಆಗುವುದಿಲ್ಲ, ಹಗಲಿನ ಬಿಸಿಲಲ್ಲಿ ಇದರ ಎಷ್ಟೋ ಪಟ್ಟು ಬೀಳುತ್ತದೆ ಎಂದೆ. ನಂಬಿದರೋ ಇಲ್ಲವೋ, ಒಂದು ಕುಕ್ಕೆ ತಂದು ಬೋರಲು ಹಾಕಿಕೊಂಡು ಕೂತರು.

ಗರಿಯ ಮೇಲಿನ ನಂದಿ ಗೋಡೆಯ ಮೇಲಿನ ನಂದಿಯಲ್ಲ. ಒಂದು ಗರಿಗೆ ಇನ್ನೂರರ ಮೇಲೆ ಎಸಳು. ಒಂದೊಂದೂ ನಡುವಿನ ಕಡ್ಡಿಯಲ್ಲಿ ಮಡಿಚಿಕೊಂಡ ಎರಡು ಸಣ್ಣ ಇಳಿಜಾರು. ಒಂದು ಇಳಿಜಾರು ಪ್ರೊಜೆಕ್ಟರಿಗೆ ಮುಖ ಕೊಟ್ಟರೆ ಇನ್ನೊಂದು ಮುಖ ತಿರುಗಿಸುತ್ತದೆ. ಚಿತ್ರ ಉದ್ದುದ್ದ ಸೀಳಾಗಿ, ಪ್ರತಿ ಸೀಳಿನಲ್ಲೂ ಒಂದು ಬಿಳಿ ಒಂದು ಬೂದು ಜೋಡಿಯಾಗಿ ನಿಲ್ಲುತ್ತದೆ. ನಂದಿಯ ಹಣೆ ಮುಂದಿನ ಎಸಳಿನ ಮೇಲೆ, ಅದರ ಕಿವಿ ಒಂದು ಮೊಳ ಹಿಂದಿನ ಗರಿಯ ಮೇಲೆ. ಪ್ರೊಜೆಕ್ಟರಿನ ಪಕ್ಕದಲ್ಲಿಯೇ ಕ್ಯಾಮೆರಾ ಇಟ್ಟರೆ ಮುಖ ಕೂಡಿಕೊಳ್ಳುತ್ತದೆ, ನಾಲ್ಕಡಿ ಬಲಕ್ಕೆ ಸರಿಸಿದರೆ ಬಿಡಿಬಿಡಿಯಾಗಿ ತೋಟದ ತುಂಬ ಹರಡುತ್ತದೆ. ಎಸಳು ತೂರಿ ಹೋದ ಬೆಳಕೂ ಸುಮ್ಮನಿರುವುದಿಲ್ಲ. ಹಿಂದಿನ ಎಸಳಿನ ಮೇಲೆ ಅಂಚಿಲ್ಲದ, ಮಸುಕಾದ ಎರಡನೆಯ ನಂದಿಯೊಂದು ಹುಟ್ಟುತ್ತದೆ, ಕಲ್ಲಿನದಲ್ಲ, ಬೆಣ್ಣೆಯದು. ಒಣಗಿ ಜೋತ ಸೋಗೆ ಕಪ್ಪಾಗಿ ಕಂಡೀತೆಂದು ಎಣಿಸಿದ್ದೆವು. ಅದೂ ಸಾಕಷ್ಟು ತಿಳಿಬೂದೇ. ನಿಜವಾದ ಕಪ್ಪು ಇದ್ದದ್ದು ಮರಗಳ ನಡುವಿನ ಖಾಲಿಯಲ್ಲಿ, ಬೆಳಕು ಹೋಗಿ ಮರಳಿ ಬಾರದ ಕಡೆ. ನಂದಿಯ ಚಿತ್ರದ ಕಪ್ಪಾದರೂ ಪ್ರೊಜೆಕ್ಟರಿನ ಸೋರುಬೆಳಕಿನಿಂದ ತುಸು ಬೂದು.

ಆಮೇಲೆ ಗಾಳಿ ಎದ್ದಿತು. ಗೆಳೆಯ "ಥೂ" ಎಂದ. ನಾನು ಆ ಹೊತ್ತಿನ ಚಿತ್ರಗಳನ್ನೇ ಹೆಚ್ಚಾಗಿ ಇಟ್ಟುಕೊಂಡಿದ್ದೇನೆ. ಎಸಳಿನ ತುದಿ ಗಾಳಿಗೆ ಸರ್ರನೆ ಹೊರಳಿದಾಗ ಅದರ ಮೇಲಿನ ಬೂದು ಜಾಗ ಬಿಟ್ಟು ಜಾಗಕ್ಕೆ ಓಡುತ್ತದೆ. ಆದರೆ ಕನ್ನಡಿಯ ಬೂದು ಒಂದೇ ಉಸಿರಿನದಲ್ಲವಲ್ಲ! 128ರ ತುಂಡು ಒಂದು ಕಡೆ ಬೀಳುತ್ತದೆ, 32ರದು ಇನ್ನೊಂದು ಕಡೆ, ನಡುವಿನ ಕತ್ತಲು ಮತ್ತೊಂದು ಕಡೆ. ನಿಂತ ಎಸಳಿನ ಮೇಲೆ ನುಣ್ಣಗಿದ್ದ ಬೂದು, ಓಡುವ ಎಸಳಿನ ಮೇಲೆ ಉದ್ದ ಬಿಳಿಗೆರೆ, ಸಣ್ಣ ಬಿಳಿಗೆರೆ, ಖಾಲಿ, ಮತ್ತೆ ಬಿಳಿಗೆರೆ ಎಂದು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಲೆಕ್ಕದಲ್ಲಿ ಓದಿದ ಎಂಟು ತುಂಡು ತೆಂಗಿನ ಎಸಳಿನ ಅಂಚಿನಲ್ಲಿ ಒಂದರ ಪಕ್ಕ ಒಂದು ಕೂತಿರುತ್ತದೆ. ನಂದಿಯ ಕೊರಳಿನ ಬೂದಿಗೊಂದು ಗೆರೆವಿನ್ಯಾಸ, ಹೊಳಪಿನ ಬೂದಿಗೆ ಇನ್ನೊಂದು. ಗಾಳಿ ನಿಂತರೆ ಎರಡೂ ಮಾಯ.

"ಒಂದ್ ಬಿಳೀ ಪಂಚೆ ಕಟ್ಟುಬಿಡಾಣ ಅಣ್ಣ, ನೀಟಾಗ್ ಬತ್ತದೆ," ಎಂದು ಗೆಳೆಯ ಮರಕ್ಕೆ ಹಗ್ಗ ಸುತ್ತಲು ಹೊರಟ. ಪಂಚೆ ಬೇಡವೆಂದೆ. ಅಜ್ಜಿಯೂ ಬೇಡವೆಂದರು, ಅವರ ಕಾರಣ ಹೊಂಬಾಳೆಯದು. ಅವನಿಗೆ ಇನ್ನೂ ಸಮಾಧಾನವಿಲ್ಲ. ಮುಂದಿನ ಸಲ 940ರ ಎಲ್‌ಇಡಿ ತರುತ್ತಾನಂತೆ, ಅಟ್ಟದ ಕೊಬ್ಬರಿಯಲ್ಲಿ ತೇವ ಎಲ್ಲಿ ಉಳಿದಿದೆ ನೋಡಬೇಕಂತೆ. ವೆಬ್‌ಕ್ಯಾಮ್ ಸೆನ್ಸರ್ ಅಷ್ಟು ದೂರದ ಬೆಳಕಿಗೆ ಅರೆಗುರುಡು ಎಂದು ನಾನು ಹೇಳಿ ನೋಡಿದ್ದೇನೆ.